ಸಂತೆಯ ಐದು ಕೋಳಿ, ಪಂಪ್‌ಸೆಟ್ ಮನೆಯ ಆರು ಕೋಳಿ: ಹಿತ್ತಿಲ ಹಿಂಡಿಗೆ ಹೊಸ ಕೋಳಿ ಸೇರಿಸಿದ ಒಂದು ಪ್ರಕರಣ

ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ ಒಂದೇ ಮನೆಯವರು ಒಂದೇ ವರ್ಷದೊಳಗೆ ಎರಡು ಸಲ ಹೊಸ ಕೋಳಿಗಳನ್ನು ತಂದು ತಮ್ಮ ಹಿತ್ತಿಲ ಹಿಂಡಿಗೆ ಸೇರಿಸಿದರು. ಮೊದಲ ಸಲ ಮನೆಯ ಹಳೆಯ ಕೋಳಿಗಳಲ್ಲಿ ಮುಕ್ಕಾಲು ಪಾಲು ಸತ್ತವು. ಎರಡನೆಯ ಸಲ ಒಂದೂ ಸಾಯಲಿಲ್ಲ. ಆದರೆ ಆ ಸಲವೂ ಎಲ್ಲವೂ ಸರಿಯಾಗಿ ನಡೆಯಿತೆಂದು ಹೇಳಲಾರೆ, ಏಕೆಂದರೆ ಪಶುವೈದ್ಯನಾಗಿ ನಾನು ಮಾಡಿದ ಒಂದು ತಪ್ಪಿನಿಂದ ಎರಡು ಒಳ್ಳೆಯ ಹೇಂಟೆಗಳು ವ್ಯರ್ಥವಾಗಿ ಸಾರಿನ ಪಾಲಾದವು. ಮನೆಯವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮತ್ತು ಊರನ್ನು ಬಿಟ್ಟಿದ್ದೇನೆ.

ಮನೆ ಮತ್ತು ಹಿಂಡು

ಅಡಿಕೆ ತೋಟದ ಅಂಚಿನಲ್ಲಿರುವ ಈ ಮನೆಯಲ್ಲಿ ಕೋಳಿಯ ಲೆಕ್ಕವೆಲ್ಲ ಅಜ್ಜಿ ಮತ್ತು ಸೊಸೆಯದು. ಆ ವರ್ಷದ ಯುಗಾದಿಗೆ ಮುಂಚೆ ಅವರಲ್ಲಿ 27 ನಾಟಿ ಕೋಳಿಗಳಿದ್ದವು: ಹೇಂಟೆ 14, ಹುಂಜ 2, ಒಂದೂವರೆಯಿಂದ ಮೂರು ತಿಂಗಳ ವಯಸ್ಸಿನ ಮರಿಗಳು 11. ಹಗಲೆಲ್ಲ ಅವು ಹಿತ್ತಿಲು, ತಿಪ್ಪೆ, ದನದ ಕೊಟ್ಟಿಗೆಗಳಲ್ಲಿ ಕೆದಕಿಕೊಂಡಿದ್ದು ಸಂಜೆ ಜಗಲಿಯ ಕೆಳಗಿನ ಇಟ್ಟಿಗೆಯ ಗೂಡಿಗೆ ಸೇರುತ್ತಿದ್ದವು. ಆ ಗೂಡು ನರಿ, ಕಾಡುಬೆಕ್ಕುಗಳಿಂದ ಕಾಪಾಡಲು ಹೇಳಿ ಮಾಡಿಸಿದಂತಿತ್ತು. ಚಪ್ಪಡಿ ಕಲ್ಲು ಮುಚ್ಚಿದರೆ ಗಾಳಿಯಾಡಲು ಎರಡು ಇಟ್ಟಿಗೆಗಳ ಸಂದು ಮಾತ್ರ ಉಳಿಯುತ್ತಿತ್ತು.

ಲಸಿಕೆಯ ವಿಷಯವನ್ನು ಆಮೇಲೆ ವಿಚಾರಿಸಿದಾಗ ತಿಳಿದದ್ದಿಷ್ಟು. ಸುಮಾರು ಹದಿನೆಂಟು ತಿಂಗಳ ಹಿಂದೆ ಇಲಾಖೆಯ ಶಿಬಿರ ನಡೆದಾಗ ಮನೆಯಲ್ಲಿದ್ದ ಕೋಳಿಗಳಿಗೆ, ಹಿಂಡನ್ನೇ ಗುಡಿಸಿ ಹಾಕುವ ಕೊಕ್ಕರೆ ರೋಗದ ಚುಚ್ಚುಮದ್ದು ಹಾಕಿಸಲಾಗಿತ್ತು. ಅವುಗಳಲ್ಲಿ 6 ಹೇಂಟೆಗಳೂ ಒಂದು ಹುಂಜವೂ ಇನ್ನೂ ಉಳಿದಿದ್ದವು. ಆ ನಂತರ ಕಾವಿಗೆ ಕೂತು ಮರಿಯಾದ ಯಾವ ಕೋಳಿಗೂ ಲಸಿಕೆ ಆಗಿರಲಿಲ್ಲ. ಮನೆಯವರ ಮನಸ್ಸಿನಲ್ಲಿ ಮಾತ್ರ “ನಮ್ಮ ಕೋಳಿಗೆ ಸೂಜಿ ಆಗಿದೆ” ಎಂಬ ಭಾವನೆ ಗಟ್ಟಿಯಾಗಿತ್ತು. ಹಿತ್ತಿಲ ಸಾಕಣೆಯಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ತಿಳಿವಳಿಕೆ ಇದೇ: ಲಸಿಕೆಯನ್ನು ಕೋಳಿಗೆ ಹಾಕಿದ್ದು ಎಂದು ತಿಳಿಯದೆ ಮನೆಗೆ ಹಾಕಿದ್ದು ಎಂದು ತಿಳಿಯುವುದು. ಹಿತ್ತಿಲ ಕೋಳಿಯ ಹಿಂಡಿನಲ್ಲಿ ಒಂದೂವರೆ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ತಲೆಗಳು ಬದಲಾಗಿರುತ್ತವೆ.

ಸಂತೆಯಿಂದ ಗೂಡಿಗೆ

ಹೊಸತೊಡಕಿನ ಹೊತ್ತಿಗೆ ನಾಟಿ ಕೋಳಿಗೆ ಬೇಡಿಕೆ ಏರುವುದು ಈ ಕಡೆಯವರಿಗೆಲ್ಲ ತಿಳಿದ ವಿಷಯ. ಯುಗಾದಿಗೆ ಮೂರು ವಾರವಿರುವಾಗ ಮನೆಯ ಮಗ ವಾರದ ಸಂತೆಯಲ್ಲಿ 4 ಹೇಂಟೆ ಮತ್ತು 1 ಹುಂಜ ಕೊಂಡು, ಕಾಲು ಕಟ್ಟಿ, ಬೈಕಿನ ಹ್ಯಾಂಡಲ್‌ಗೆ ತೂಗುಹಾಕಿಕೊಂಡು ಸಂಜೆ ಮನೆಗೆ ಬಂದರು. ಕೋಳಿಗಳು ಕಣ್ಣಿಗೆ ಲಕ್ಷಣವಾಗಿದ್ದವು. ಜುಟ್ಟು ಕೆಂಪಾಗಿತ್ತು, ಗರಿ ಹೊಳೆಯುತ್ತಿತ್ತು. ಬೆಲೆಯೂ ಕಡಿಮೆಯಿತ್ತು, ಮತ್ತು ಅದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಸಂತೆಗೆ ಬರುವ ಎಲ್ಲ ಕೋಳಿಗಳೂ ಹಣದ ಅಗತ್ಯದಿಂದ ಬಂದವಲ್ಲ. ಪಕ್ಕದ ಊರಿನಲ್ಲಿ ಕೋಳಿ ಸಾಯುತ್ತಿವೆ ಎಂಬ ಸುದ್ದಿ ಬಿದ್ದ ಮರುದಿನವೇ ತಮ್ಮಲ್ಲಿ ಇನ್ನೂ ನೆಟ್ಟಗಿರುವವನ್ನು ಕಾಸು ಮಾಡಿಕೊಳ್ಳಲು ಜನ ಮುಂದಾಗುತ್ತಾರೆ. ಹಾಗೆ ಮಾಡುವವರನ್ನು ನಾನು ಕೆಟ್ಟವರೆನ್ನುವುದಿಲ್ಲ. ವಿಮೆಯಿಲ್ಲದ, ಪರಿಹಾರವಿಲ್ಲದ ಸಾಕಣೆಯಲ್ಲಿ ಅವರಿಗೆ ಉಳಿದಿರುವ ದಾರಿ ಅದೊಂದೇ. ಆದರೆ ಆ ಕಾರಣದಿಂದಲೇ ಬೇಸಿಗೆಯ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಆರೋಗ್ಯವಂತ ಕೋಳಿಯು ರೋಗದ ಗುಪ್ತ ಕಾಲದಲ್ಲಿರುವ, ಅಂದರೆ ಸೋಂಕು ತಗುಲಿದ್ದರೂ ಲಕ್ಷಣ ಇನ್ನೂ ಕಾಣದ, ಕೋಳಿಯಾಗಿರುವ ಸಂಭವ ಹೆಚ್ಚು.

ರಾತ್ರಿ ಎಂಟರ ಹೊತ್ತಿಗೆ ಅಜ್ಜಿ ಐದನ್ನೂ ಹಳೆಯ ಗೂಡಿನೊಳಗೆ ಬಿಟ್ಟರು. ಕತ್ತಲಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ, ಕಚ್ಚಾಡುವುದಿಲ್ಲ ಎಂಬುದು ಅವರ ಅನುಭವ. ಜಗಳದ ಮಟ್ಟಿಗೆ ಆ ಅನುಭವ ಸರಿಯಾದದ್ದೇ. ರೋಗದ ಮಟ್ಟಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿರಲಿಲ್ಲ, ಏಕೆಂದರೆ ಗಾಳಿಯಾಡದ ಗೂಡಿನಲ್ಲಿ 32 ಕೋಳಿಗಳು ಹತ್ತು ಗಂಟೆ ಕಾಲ ಮೈಗೆ ಮೈ ತಾಗಿಸಿಕೊಂಡು ಒಂದೇ ಉಸಿರನ್ನು ಹಂಚಿಕೊಂಡವು.

ಹದಿಮೂರು ದಿನ

ನಾಲ್ಕನೆಯ ದಿನ ಹೊಸ ಹೇಂಟೆಗಳಲ್ಲೊಂದು ಮೇವು ಬಿಟ್ಟು, ಗರಿ ಉಬ್ಬಿಸಿಕೊಂಡು, ಮೂಲೆಯಲ್ಲಿ ತೂಕಡಿಸತೊಡಗಿತು. ಹೇಗೂ ಸಾಯುತ್ತದೆಂದು ಮನೆಯವರು ಐದನೆಯ ದಿನ ಅದನ್ನು ಕೊಯ್ದು ಅಡುಗೆ ಮಾಡಿದರು. ಚೆನ್ನಾಗಿ ಬೇಯಿಸಿದ ಮಾಂಸದಿಂದ ಮನುಷ್ಯರಿಗೆ ಈ ರೋಗದ ತೊಂದರೆಯಿಲ್ಲ. ತೊಂದರೆಯಾದದ್ದು ಅದರ ಪುಕ್ಕ, ಕರುಳು ಮತ್ತು ತೊಳೆದ ನೀರಿನಿಂದ. ಅವೆಲ್ಲ ತಿಪ್ಪೆಗೆ ಬಿದ್ದವು, ಮತ್ತು ಮನೆಯ ಅಷ್ಟೂ ಕೋಳಿಗಳು ದಿನವಿಡೀ ಕೆದಕುವುದು ಅದೇ ತಿಪ್ಪೆಯನ್ನು.

ಎಂಟನೆಯ ದಿನ ಬೆಳಿಗ್ಗೆ ಗೂಡಿನ ಚಪ್ಪಡಿ ತೆಗೆದಾಗ ಮೂರು ಮರಿಗಳು ಸತ್ತು ಬಿದ್ದಿದ್ದವು. ಒಂಬತ್ತನೆಯ ದಿನ ಸಾವು ಏರಿತು. ಬದುಕಿದ್ದವು ಬಾಯಿ ತೆರೆದು ಉಸಿರಾಡುತ್ತಿದ್ದವು, ಹಸಿರು ಬೆರೆತ ಬಿಳಿಯ ಭೇದಿ ಮಾಡುತ್ತಿದ್ದವು, ಎರಡು ಹೇಂಟೆಗಳು ಕತ್ತನ್ನು ತಿರುಚಿಕೊಂಡು ನಿಂತಲ್ಲೇ ಸುತ್ತುತ್ತಿದ್ದವು. ನನಗೆ ಕರೆ ಬಂದದ್ದು ಆ ದಿನ. ಹದಿಮೂರನೆಯ ದಿನ ಸಾವು ನಿಲ್ಲುವಷ್ಟರಲ್ಲಿ ಹಳೆಯ 27ರಲ್ಲಿ 20 ಹೋಗಿದ್ದವು: ಮರಿಗಳು ಹನ್ನೊಂದಕ್ಕೆ ಹನ್ನೊಂದು, ಹೇಂಟೆ 8, ಹುಂಜ 1. ಸಂತೆಯ ಐದರಲ್ಲಿ ಕೊಯ್ದದ್ದು ಒಂದು, ಸತ್ತದ್ದು ಇನ್ನೊಂದು. ಉಳಿದ ಮೂರು ಕೊನೆಯವರೆಗೂ ಒಂದು ಸೀನನ್ನೂ ಸೀನದೆ ಓಡಾಡಿಕೊಂಡಿದ್ದವು.

ಸತ್ತ ಎರಡನ್ನು ಕೊಯ್ದು ನೋಡಿದಾಗ ಗ್ರಂಥಿಜಠರದ (ಜೀರ್ಣರಸ ಸುರಿಸುವ ಹೊಟ್ಟೆಯ) ಒಳಮೈಯಲ್ಲಿ ಸೂಜಿಮೊನೆಯಂಥ ರಕ್ತದ ಚುಕ್ಕೆಗಳಿದ್ದವು, ಕುರುಡು ಕರುಳಿನ ಬುಡವೂ ರಕ್ತಗೆಂಪಾಗಿತ್ತು. ಕೊಕ್ಕರೆ ರೋಗ ಎನ್ನಲು ಇಷ್ಟು ಸಾಕೆಂದು ಅನುಭವ ಹೇಳುತ್ತದೆ, ಆದರೆ ಹೇಳಿಬಿಡಬಾರದು. ಹಕ್ಕಿಜ್ವರವೂ ಹೀಗೆಯೇ ದಿಢೀರನೆ ಕೊಲ್ಲುತ್ತದೆ, ಮತ್ತು ನಮ್ಮ ರಾಜ್ಯದಲ್ಲಿ ಅದು 2012ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ದೃಢಪಟ್ಟಿದೆ. ಆದ್ದರಿಂದ ಮಾದರಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಲಾಯಿತು. ಫಲಿತಾಂಶ ಬರುವವರೆಗೆ ಮನೆಯವರು ಒಂದು ಕೋಳಿಯನ್ನೂ, ಒಂದು ಮೊಟ್ಟೆಯನ್ನೂ ಅಂಗಳ ದಾಟಿಸಲಿಲ್ಲ. ಬಂದ ಉತ್ತರ ಕೊಕ್ಕರೆ ರೋಗವೆಂದೇ ಇತ್ತು.

ಪುಸ್ತಕಗಳಲ್ಲಿ ರಾಣಿಖೇತ್ ಎಂದೂ ನ್ಯೂಕ್ಯಾಸಲ್ ಎಂದೂ ಕರೆಯುವುದು ಇದನ್ನೇ. ಒಂದು ಕುಮಾವ್ ಬೆಟ್ಟಗಳ ಊರು, ಇನ್ನೊಂದು ಇಂಗ್ಲೆಂಡಿನ ಊರು, ಎರಡೂ ರೋಗವನ್ನು 1920ರ ದಶಕದಲ್ಲಿ ಗುರುತಿಸಿದ ಜಾಗಗಳು. ವೈರಾಣು ಮೈ ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು 2ರಿಂದ 15 ದಿನ ಬೇಕು, ಸಾಮಾನ್ಯವಾಗಿ 5–6 ದಿನ. ಈ ಅಂಕಿಯನ್ನು ನಮ್ಮ ದಿನಗಳ ಪಕ್ಕದಲ್ಲಿಟ್ಟರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯ ದಿನ ಮಂಕಾದ ಹೇಂಟೆ ರೋಗವನ್ನು ಹೊತ್ತೇ ಸಂತೆಗೆ ಬಂದಿತ್ತು, ಇಲ್ಲವೇ ಸಂತೆಯ ಬುಟ್ಟಿಯಲ್ಲೇ ಪಡೆದಿತ್ತು. ಎಂಟನೆಯ ದಿನದಿಂದ ಸತ್ತ ಹಳೆಯ ಕೋಳಿಗಳು ಮೊದಲ ರಾತ್ರಿಗಳಲ್ಲೇ ಅದನ್ನು ಪಡೆದವು. ತಿಪ್ಪೆಯ ಪಾಲು ಕೊನೆಯ ದಿನಗಳ ಸಾವುಗಳಲ್ಲಿ ಇದ್ದಿರಬೇಕು. ಕೊಂಡ ಕೋಳಿಗಳನ್ನು ಕೇವಲ ಒಂದು ವಾರ ಬೇರೆಡೆ ಇಟ್ಟಿದ್ದರೂ ಈ ರೋಗ ಅಲ್ಲಿಯೇ ಬಯಲಾಗುತ್ತಿತ್ತು ಎಂಬುದನ್ನು ನಾನು ಮನೆಯವರಿಗೆ ಆಗ ಹೇಳಲಿಲ್ಲ.

ಬದುಕಿದ ಹಳೆಯ ಕೋಳಿಗಳನ್ನು ಗುರುತಿಸುವಾಗ ಅಜ್ಜಿಯ ನೆನಪು ಕಡತಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಚುಚ್ಚುಮದ್ದಾಗಿದ್ದ 6 ಹೇಂಟೆಗಳಲ್ಲಿ 5 ಉಳಿದಿದ್ದವು, ಹುಂಜವೂ ಉಳಿದಿತ್ತು. ಆಗದಿದ್ದ 8 ಹೇಂಟೆಗಳಲ್ಲಿ ಉಳಿದದ್ದು ಒಂದೇ. ಹದಿನೆಂಟು ತಿಂಗಳ ಹಳೆಯ ಲಸಿಕೆಯನ್ನು ನಂಬಿ ಕೂರಿ ಎಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು. ಒಂದು ಮನೆಯ ಲೆಕ್ಕದಿಂದ ಏನನ್ನೂ ಸಾಧಿಸಲಾಗದು, ಆದರೂ ಆ ಅಂಗಳದಲ್ಲಿ ನಿಂತಿದ್ದವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಉಳಿದವನ್ನು ಮಾರಬೇಡಿ

ಈ ರೋಗಕ್ಕೆ ಔಷಧವಿಲ್ಲ. ಸತ್ತವನ್ನು ಆಳದ ಗುಂಡಿಯಲ್ಲಿ ಸುಣ್ಣ ಹರಡಿ ಹೂಳಿದರು. ಗೂಡಿನ ಹಿಕ್ಕೆ ಕೆರೆದು ತೆಗೆದು, ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಸುಣ್ಣ ಬಳಿದರು. ಈ ವೈರಾಣುವಿಗೆ ಸೋಪು, ಬಿಸಿಲು, ಸುಣ್ಣ ಯಾವುದನ್ನೂ ತಡೆದುಕೊಳ್ಳುವ ಶಕ್ತಿಯಿಲ್ಲ. ಆದರೆ ನೆರಳಿನಲ್ಲಿ, ತಂಪಿನಲ್ಲಿ, ಒಣಗಿದ ಹಿಕ್ಕೆಯ ಪದರದ ಒಳಗೆ ಅದು ವಾರಗಟ್ಟಲೆ ಉಳಿಯಬಲ್ಲದು. ಆದ್ದರಿಂದ ಹಿಕ್ಕೆಯ ಮೇಲೆಯೇ ಔಷಧ ಸುರಿಯುವುದು ಹಣ ದಂಡ ಮಾಡಿದಂತೆ. ಮೊದಲು ಕೆರೆಯಬೇಕು, ಆಮೇಲೆ ತೊಳೆಯಬೇಕು, ಕೊನೆಯಲ್ಲಿ ಔಷಧ.

ಕಷ್ಟವಾದದ್ದು ಬೇರೆ ಮಾತು. ಉಳಿದ 7 ಹಳೆಯ ಕೋಳಿ, 3 ಸಂತೆಯ ಕೋಳಿಗಳನ್ನು ಮುಂದಿನ ವಾರವೇ ಮಾರಿಬಿಡೋಣವೆಂದು ಮಗ ನಿರ್ಧರಿಸಿದ್ದರು. “ಇವೂ ಹೋದರೆ ಏನು ಗತಿ ಡಾಕ್ಟ್ರೇ?” ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಲಾಭದ ಉತ್ತರವಿರಲಿಲ್ಲ. ನಿಮ್ಮ ಮನೆಗೆ ಈ ರೋಗ ಬಂದದ್ದು ಇನ್ಯಾರೋ ಇದೇ ಪ್ರಶ್ನೆ ಕೇಳಿಕೊಂಡದ್ದರಿಂದ ಎಂದಷ್ಟೇ ಹೇಳಿದೆ. ಸೊಸೆ ಒಪ್ಪಿದರು, ಮಗ ಸುಮ್ಮನಾದರು. ಕೊನೆಯ ಸಾವಿನಿಂದ 60 ದಿನ ಒಂದು ಕೋಳಿಯೂ ಹೊರಗೆ ಹೋಗಬಾರದು, ಒಂದೂ ಒಳಗೆ ಬರಬಾರದು ಎಂದು ತೀರ್ಮಾನವಾಯಿತು. ಚೇತರಿಸಿಕೊಂಡ ಕೋಳಿಗಳು ಕೆಲವು ವಾರ ವೈರಾಣುವನ್ನು ಹೊರಚೆಲ್ಲಬಲ್ಲವು ಎಂಬುದು ಅದಕ್ಕೆ ಕಾರಣ.

ಮೊದಲು ಹಳೆಯ ಕೋಳಿಗೆ

ಹೊಸ ಕೋಳಿ ತರುವ ಸಿದ್ಧತೆಯು ಹೊಸ ಕೋಳಿಯಿಂದ ಆರಂಭವಾಗಬಾರದು, ಮನೆಯಲ್ಲಿರುವವುಗಳಿಂದ ಆರಂಭವಾಗಬೇಕು. ಲಸಿಕೆ ಹಾಕಿದ ಮೇಲೆ ರೋಗನಿರೋಧಕ ಶಕ್ತಿ ಬೆಳೆಯಲು ಸುಮಾರು ಎರಡು ವಾರ ಬೇಕು, ಅಂದರೆ ಹೊಸವು ಬರುವುದಕ್ಕೆ ಎರಡು ಮೂರು ವಾರ ಮುಂಚೆಯೇ ಹಳೆಯವಕ್ಕೆ ಆಗಿರಬೇಕು. ಬೆಳೆದ ಕೋಳಿಗೆ ಕೊಕ್ಕರೆ ರೋಗದ ಆರ್2ಬಿ ಲಸಿಕೆಯನ್ನು ಚರ್ಮದಡಿ ಅರ್ಧ ಮಿಲಿಲೀಟರ್ ಕೊಡಲಾಗುತ್ತದೆ. ಎಂಟು ವಾರ ತುಂಬದ ಮರಿಗಳಿಗೆ ಅದು ಸಲ್ಲದು. ಅವಕ್ಕೆ ಮೊದಲ ವಾರದಲ್ಲಿ ಎಫ್1, ನಾಲ್ಕನೆಯ ವಾರದ ಹೊತ್ತಿಗೆ ಲಸೋಟ ಎಂಬ ಸೌಮ್ಯ ಲಸಿಕೆಗಳಿವೆ.

ಹಿತ್ತಿಲ ಸಾಕಣೆಯಲ್ಲಿ ಲಸಿಕೆ ತಪ್ಪುವುದು ಅಸಡ್ಡೆಯಿಂದ ಎಂದು ನಗರದವರು ತಿಳಿಯುತ್ತಾರೆ. ನಿಜವಾದ ತೊಡಕು ಸೀಸೆಯದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಪುಡಿಯಿರುತ್ತದೆ. ದ್ರಾವಣದಲ್ಲಿ ಕಲಸಿದ ಮೇಲೆ ಅದನ್ನು ತಣ್ಣಗಿಟ್ಟುಕೊಂಡು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಂದು ಸೀಸೆ ತೆರೆದರೆ ತೊಂಬತ್ತು ಕೋಳಿಯ ಪಾಲು ಚೆಲ್ಲಬೇಕು. ಇದಕ್ಕೆ ಸೊಸೆಯೇ ದಾರಿ ಹುಡುಕಿದರು. ಅಕ್ಕಪಕ್ಕದ ಒಂಬತ್ತು ಮನೆಯವರಿಗೆ ಹೇಳಿ ಒಂದು ದಿನ ಗೊತ್ತುಮಾಡಿ, ಅಂದು ಬೆಳಿಗ್ಗೆ ಯಾರೂ ಗೂಡಿನ ಬಾಗಿಲು ತೆಗೆಯದಂತೆ ನೋಡಿಕೊಂಡರು. ನಾನು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿಕೊಂಡು ಆರು ಗಂಟೆಗೆ ಹೋದೆ. ಬಿಸಿಲೇರುವ ಮುಂಚೆ ಹತ್ತು ಮನೆಗಳ 86 ಕೋಳಿಗಳಿಗೆ ಲಸಿಕೆ ಮುಗಿಯಿತು. ಕೋಳಿ ಒಮ್ಮೆ ಹೊರಬಿದ್ದರೆ ಹಿಡಿಯಲು ಮಧ್ಯಾಹ್ನವಾಗುತ್ತದೆ ಎಂಬುದನ್ನು ಇಲಾಖೆಯ ಶಿಬಿರಗಳ ವೇಳಾಪಟ್ಟಿ ಹಾಕುವವರು ಇನ್ನೂ ಪೂರ್ತಿ ಅರಿತಂತಿಲ್ಲ.

ಪಂಪ್‌ಸೆಟ್ ಮನೆ

ಎರಡನೆಯ ಸಲ ಸಂತೆಗೆ ಹೋಗಲಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಮರಿಗಳನ್ನು ಬೆಳೆಸಿ ಮಾರುವ ಒಬ್ಬ ಮಹಿಳೆಯಿಂದ ಮೂರು ತಿಂಗಳ ವಯಸ್ಸಿನ 6 ಎಳೆಯ ಹೇಂಟೆಗಳನ್ನು ತರುವುದೆಂದಾಯಿತು. ಅವು ಗಿರಿರಾಜ ಬೆರಕೆಯವು. ಗಿರಿರಾಜ ತಳಿಯನ್ನು ರೂಪಿಸಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಹಿತ್ತಿಲ ಸಾಕಣೆಗೆಂದೇ. ಒಂದೇ ಕಡೆ ಹುಟ್ಟಿ, ಒಟ್ಟಿಗೆ ಬೆಳೆದ, ಒಂದೇ ವಯಸ್ಸಿನ ಆರು ಕೋಳಿಗಳು ಐದು ಮನೆಗಳಿಂದ ಬಂದ ಸಂತೆಯ ಐದು ಕೋಳಿಗಳಿಗಿಂತ ಎಷ್ಟೋ ಕಡಿಮೆ ಅಪಾಯದವು. ಹೊರಡುವ ಮುಂಚೆ ನಾನು ಮಾರುವವರಿಗೆ ಫೋನ್ ಮಾಡಿ, ಕಳೆದ ಒಂದು ತಿಂಗಳಲ್ಲಿ ಕೋಳಿ ಸತ್ತಿವೆಯೇ, ಬಾತು ಪಾರಿವಾಳಗಳು ಅಲ್ಲಿವೆಯೇ, ಇತ್ತೀಚೆಗೆ ಲಸಿಕೆ ಆಗಿದೆಯೇ ಎಂದು ಕೇಳಿದೆ. ಕೊನೆಯ ಪ್ರಶ್ನೆ ಕೇಳಿದ ರೀತಿಯಲ್ಲಿ ತಪ್ಪಿತ್ತು ಎಂಬುದು ಆಮೇಲೆ ತಿಳಿಯಿತು.

ಮನೆಯಿಂದ ಸುಮಾರು ಅರವತ್ತು ಹೆಜ್ಜೆ ದೂರದಲ್ಲಿ, ತೋಟದ ಆಚೆ ಅಂಚಿನಲ್ಲಿ, ಬಳಸದ ಒಂದು ಪಂಪ್‌ಸೆಟ್ ಮನೆಯಿತ್ತು. ಅದಕ್ಕೆ ಸುಣ್ಣ ಬಳಿದು, ಭತ್ತದ ಹೊಟ್ಟು ಹಾಸಿ, ಕಿಟಕಿಗೆ ಜಾಲರಿ ಹೊಡೆದು, ಆರು ಕೋಳಿಗಳನ್ನು ಬುಟ್ಟಿಯಿಂದ ನೇರವಾಗಿ ಅಲ್ಲಿಗೇ ಇಳಿಸಿದರು. ಅವಧಿ 30 ದಿನ. ಕೊರೊನಾ ಕಾಲದ ಪುಣ್ಯದಿಂದ ಕ್ವಾರಂಟೈನ್ ಎಂದರೇನೆಂದು ಯಾರಿಗೂ ವಿವರಿಸಬೇಕಾಗಲಿಲ್ಲ.

ದೂರಕ್ಕಿಂತ ದೊಡ್ಡದು ನಡುವೆ ಓಡಾಡುವ ಕೈಕಾಲುಗಳ ವಿಷಯ. ಕೋಳಿಯಿಂದ ಕೋಳಿಗೆ ರೋಗ ಹಾರಿ ಬರುವುದಕ್ಕಿಂತ ಹೆಚ್ಚಾಗಿ ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲಿ, ತೌಡು ಕಲಸಿದ ಕೈಯಲ್ಲಿ, ನೀರಿನ ಬೋಗುಣಿಯಲ್ಲಿ ನಡೆದು ಬರುತ್ತದೆ. ಆದ್ದರಿಂದ ಕೆಲಸವನ್ನೇ ಹಂಚಲಾಯಿತು: ಹಳೆಯವು ಸೊಸೆಗೆ, ಹೊಸವು ಅಜ್ಜಿಗೆ. ಒಬ್ಬರೇ ಇರುವ ಮನೆಯಲ್ಲಿ ಮೊದಲು ಹಳೆಯವನ್ನು ನೋಡಿ ಆಮೇಲೆ ಹೊಸದರ ಬಳಿ ಹೋಗಬೇಕು. ತಿರುಗಿ ಬಂದ ಮೇಲೆ ಕೈಕಾಲು ಸೋಪಿನಲ್ಲಿ ತೊಳೆಯದೆ ಹಳೆಯವನ್ನು ಮುಟ್ಟಬಾರದು. ಪಂಪ್‌ಸೆಟ್ ಮನೆಯ ಬಾಗಿಲಲ್ಲೇ ಒಂದು ಜೊತೆ ಹವಾಯಿ ಚಪ್ಪಲಿ, ಒಂದು ಪೊರಕೆ, ಎರಡು ಮಣ್ಣಿನ ಬೋಗುಣಿ ಬೇರೆಯಾಗಿಯೇ ಉಳಿದವು. ಆರನೆಯ ದಿನ ಮೊಮ್ಮಗ ಅಲ್ಲಿನ ಬೋಗುಣಿಯೊಂದನ್ನು ತಂದು ಹಿತ್ತಿಲ ಕೋಳಿಗಳಿಗೆ ನೀರಿಟ್ಟಿದ್ದ. ಅಜ್ಜಿ ಬೋಗುಣಿಯನ್ನು ಅಲ್ಲೇ ಒಡೆದು ಹಾಕಿದರಂತೆ. ಬೂದಿಯಿಂದಲೋ ಸೋಪಿನಿಂದಲೋ ತೊಳೆದು ಬಿಸಿಲಿಗೆ ಇಟ್ಟಿದ್ದರೆ ಸಾಕಿತ್ತು, ಆದರೆ ಒಡೆದ ಬೋಗುಣಿ ಹುಡುಗನಿಗೆ ಹೆಚ್ಚು ನೆನಪಿರುತ್ತದೆ.

ಬಂದ ಮೊದಲ ದಿನವೇ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಲಾಯಿತು. ಕಣ್ಣು, ಮೂಗಿನ ಹೊಳ್ಳೆ, ಬಾಯಿಯ ವಾಸನೆ, ಎದೆಮೂಳೆಯ ಮೇಲಿನ ಮಾಂಸ, ಗುದದ ಸುತ್ತ ಗರಿಯ ಬುಡದಲ್ಲಿ ಹೇನಿನ ಮೊಟ್ಟೆ, ಕಾಲಿನ ಪೊರೆ ಎದ್ದಿದೆಯೇ ಎಂಬುದು. ರಾತ್ರಿ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಬೇಕು, ಏಕೆಂದರೆ ಕೆಂಪು ನುಸಿ ಹಗಲು ಗೋಡೆಯ ಬಿರುಕಿನಲ್ಲಿ ಅಡಗಿದ್ದು ಕತ್ತಲಾದ ಮೇಲಷ್ಟೇ ಕೋಳಿಯ ಮೈಗೆ ಏರುತ್ತದೆ. ನುಸಿ ಇರಲಿಲ್ಲ, ಹೇನಿತ್ತು. ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ದುಂಡುಹುಳುವಿನ ಮೊಟ್ಟೆಗಳು ಕಂಡವು. ಎರಡಕ್ಕೂ ಚಿಕಿತ್ಸೆಯಾಯಿತು. ಇವೇನೂ ಕೊಲ್ಲುವ ರೋಗಗಳಲ್ಲ, ಆದರೆ ಒಮ್ಮೆ ಇಟ್ಟಿಗೆಯ ಹಳೆಯ ಗೂಡಿಗೆ ಹೊಕ್ಕರೆ ವರ್ಷಗಟ್ಟಲೆ ಬಿಡುವುದಿಲ್ಲ.

ಸೀನು

ಎರಡನೆಯ ದಿನ ಒಂದು ಹೇಂಟೆ ಸೀನಿತು. ನಾಲ್ಕನೆಯ ದಿನಕ್ಕೆ ಮೂರು ಸೀನುತ್ತಿದ್ದವು, ಒಂದರ ಕಣ್ಣಿನಂಚಿನಲ್ಲಿ ನೊರೆಯಿತ್ತು, ರಾತ್ರಿ ಕಿವಿಗೊಟ್ಟರೆ ಗೊರಗೊರ ಸದ್ದು ಕೇಳುತ್ತದೆಂದು ಅಜ್ಜಿ ಹೇಳಿ ಕಳಿಸಿದರು. ಭೇದಿಯಿರಲಿಲ್ಲ, ಮೇವು ಬಿಟ್ಟಿರಲಿಲ್ಲ. ಮುಖ ಊದಿ, ಮೂಗಿನಿಂದ ಕೊಳೆತ ವಾಸನೆ ಬರುವ ಕೊರೈಜ ಎಂಬ ರೋಗ ಅಲ್ಲವೆಂಬುದು ಸ್ಪಷ್ಟವಿತ್ತು. ನನ್ನ ಅನುಮಾನ ಹೋದದ್ದು ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ದೀರ್ಘಕಾಲದ ಉಸಿರಾಟದ ರೋಗದ ಕಡೆಗೆ.

ಅದು ಕೊಕ್ಕರೆ ರೋಗದಂತೆ ಗುಡಿಸಿ ಹಾಕುವುದಿಲ್ಲ. ಅದರ ಕೇಡು ಬೇರೆ ಬಗೆಯದು. ಔಷಧ ಕೊಟ್ಟರೆ ಸೀನು ನಿಲ್ಲುತ್ತದೆ, ಕೋಳಿ ಗೆಲುವಾಗುತ್ತದೆ, ಆದರೆ ರೋಗಾಣು ಅದರ ಮೈಯಲ್ಲಿ ಜೀವನಪೂರ್ತಿ ಉಳಿದು ಮಿಕ್ಕ ಕೋಳಿಗಳಿಗೂ, ಮೊಟ್ಟೆಯ ಮೂಲಕ ಮರಿಗಳಿಗೂ ದಾಟುತ್ತಿರುತ್ತದೆ. ಹೀಗಿರುವಾಗ ಚಿಕಿತ್ಸೆ ಕೊಟ್ಟು ಗುಣಪಡಿಸಿ ಹಿಂಡಿಗೆ ಸೇರಿಸುವುದೆಂದರೆ ರೋಗವನ್ನು ಗುರುತು ಅಳಿಸಿ ಮನೆಗೆ ಕರೆದುಕೊಂಡಂತೆ. ಆರನ್ನೂ ಹಿಂದಿರುಗಿಸಿ ಎಂದು ನಾನು ಹೇಳಿದೆ. ಮನೆಯವರು ಒಪ್ಪಲಿಲ್ಲ. ಕೊನೆಗೆ ಒಂಬತ್ತನೆಯ ದಿನವೂ ಸದ್ದು ನಿಲ್ಲದ ಎರಡನ್ನು ಮಾತ್ರ, ಸೀನಿಗೆಂದು ಔಷಧ ಯಾವುದೂ ಕೊಟ್ಟಿರದ ಕಾರಣ, ಕೊಯ್ದು ಅಡುಗೆಗೆ ಬಳಸುವುದೆಂದೂ ಉಳಿದ ನಾಲ್ಕರ ದಿನದೆಣಿಕೆಯನ್ನು ಕೊನೆಯ ಸೀನಿನಿಂದ ಮತ್ತೆ ಆರಂಭಿಸುವುದೆಂದೂ ರಾಜಿಯಾಯಿತು. ಈ ಸಲ ಪುಕ್ಕ, ಕರುಳುಗಳು ತಿಪ್ಪೆಗೆ ಬೀಳದೆ ಗುಂಡಿ ಸೇರಿದವು.

ಕೊಯ್ಯುವಾಗ ನಾನು ಜೊತೆಯಲ್ಲಿದ್ದೆ. ಮೈಕೋಪ್ಲಾಸ್ಮಾ ಇದ್ದರೆ ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು ಮಬ್ಬಾಗಿ, ಮೊಸರುಗಡ್ಡೆಯಂಥ ಕೀವು ಕಟ್ಟಿರುವುದನ್ನು ಸಾಮಾನ್ಯವಾಗಿ ನೋಡುತ್ತೇವೆ. ಇವೆರಡರ ಗಾಳಿಚೀಲಗಳು ಗಾಜಿನಂತೆ ತಿಳಿಯಾಗಿದ್ದವು. ಅಂದು ಸಂಜೆ ಮಾರಿದವರಿಗೆ ಮತ್ತೆ ಫೋನ್ ಮಾಡಿ, ಲಸಿಕೆ ಯಾವ ದಿನ ಆಯಿತೆಂದು ಈ ಸಲ ದಿನಾಂಕವನ್ನೇ ಕೇಳಿದೆ. “ನೀವೇ ಕೇಳಿದ್ರಲ್ಲ ಡಾಕ್ಟ್ರೇ, ಅದಕ್ಕೇ ಕಳಿಸೋಕೆ ಮೂರು ದಿನ ಮುಂಚೆ ಲಸೋಟ ನೀರಲ್ಲಿ ಕುಡಿಸಿದೆ” ಎಂದರು ಆಕೆ.

ಲಸೋಟ ಜೀವಂತ ವೈರಾಣುವಿನ ಲಸಿಕೆ. ಅದನ್ನು ಕುಡಿಸಿದ ಕೆಲವು ದಿನಗಳಲ್ಲಿ, ಅದರಲ್ಲೂ ಹಿಂದಿನ ಲಸಿಕೆ ಸರಿಯಾಗಿ ಫಲಿಸದ ಕೋಳಿಗಳಲ್ಲಿ, ಸೀನು ಮತ್ತು ಗೊರಗೊರ ಕಾಣಿಸಿಕೊಂಡು ತಾನಾಗಿ ಇಳಿಯುತ್ತದೆ. ಬುಟ್ಟಿಯಲ್ಲಿ ಪ್ರಯಾಣ, ಹೊಸ ಜಾಗ, ಹೊಟ್ಟಿನ ದೂಳು ಸೇರಿದರೆ ಅದು ಇನ್ನೂ ನಾಲ್ಕು ದಿನ ಎಳೆಯುತ್ತದೆ. ನಾವು ನೋಡಿದ್ದು ಬಹುಮಟ್ಟಿಗೆ ಅದನ್ನೇ. “ಇತ್ತೀಚೆಗೆ ಲಸಿಕೆ ಆಗಿದೆಯೇ” ಎಂದು ಕೇಳಿದರೆ ಮಾರುವವರಿಗೆ ಅದು “ಹಾಕಿಸಿ ಕಳಿಸಿ” ಎಂದು ಕೇಳಿಸುತ್ತದೆಂದು ನನಗೆ ಹೊಳೆಯಬೇಕಿತ್ತು. ಯಾವ ಲಸಿಕೆ, ಯಾವ ವಯಸ್ಸಿನಲ್ಲಿ, ಯಾವ ತಾರೀಖಿನಂದು ಎಂದು ಕೇಳಬೇಕಿತ್ತು; ಸಾಗಿಸುವ ಮುಂಚಿನ ಎರಡು ವಾರದಲ್ಲಿ ಏನನ್ನೂ ಹಾಕಬೇಡಿ ಎಂದೂ ಹೇಳಬೇಕಿತ್ತು. ಆಗಷ್ಟೇ ಹಾಕಿದ ಲಸಿಕೆಯಿಂದ ರಕ್ಷಣೆ ಇನ್ನೂ ಬಂದಿರುವುದಿಲ್ಲ, ರೋಗಲಕ್ಷಣದಂಥದ್ದು ಮಾತ್ರ ಬಂದಿರುತ್ತದೆ, ಮತ್ತು ನಿಜವಾದ ರೋಗವಿದ್ದರೆ ಅದು ಇದರ ಮರೆಯಲ್ಲಿ ಅಡಗುತ್ತದೆ.

ಆದರೂ ದಿನದೆಣಿಕೆ ಮರಳಿ ಆರಂಭಿಸಿದ್ದಕ್ಕೆ ನನಗೆ ವಿಷಾದವಿಲ್ಲ. ಗಾಳಿಚೀಲ ತಿಳಿಯಾಗಿತ್ತು ಎಂಬ ಒಂದೇ ಕಾರಣಕ್ಕೆ ಮೈಕೋಪ್ಲಾಸ್ಮಾ ಇಲ್ಲವೇ ಇಲ್ಲ ಎನ್ನಲಾಗದು. ಕೊನೆಯ ಸೀನು ಕೇಳಿದ್ದು ಹನ್ನೊಂದನೆಯ ದಿನ. ಇಪ್ಪತ್ತೇಳನೆಯ ದಿನ ನಾಲ್ಕರ ರಕ್ತವನ್ನೂ ಪರೀಕ್ಷಿಸಲಾಯಿತು. ಬಿಳಿಯ ಹಲಗೆಯ ಮೇಲೆ ಒಂದು ಹನಿ ರಕ್ತಕ್ಕೆ ಒಂದು ಹನಿ ಬಣ್ಣದ ಪ್ರತಿಜನಕ (ಆ ರೋಗಾಣುವಿನಿಂದಲೇ ತಯಾರಿಸಿದ ದ್ರಾವಣ) ಬೆರೆಸಿ ಅಲುಗಾಡಿಸಿದರೆ, ಸೋಂಕಿದ್ದಲ್ಲಿ ಎರಡು ನಿಮಿಷದೊಳಗೆ ಹರಳುಗಟ್ಟುತ್ತದೆ. ನಾಲ್ಕರಲ್ಲೂ ಹರಳುಗಟ್ಟಲಿಲ್ಲ. ಮರುದಿನ ಅವಕ್ಕೂ ಆರ್2ಬಿ ಕೊಡಲಾಯಿತು.

ಮೂವತ್ತನೆಯ ದಿನ ಹಳೆಯ ಹಿಂಡಿನಿಂದ ಒಂದು ಹೇಂಟೆಯನ್ನು ಪಂಪ್‌ಸೆಟ್ ಮನೆಗೆ ಬಿಟ್ಟೆವು. ಹೊಸವುಗಳು ಹೊತ್ತು ತಂದಿರುವ ಏನಾದರೂ ಹಳೆಯ ಹಿಂಡಿಗೆ ಹೊಸದಾಗಿದ್ದರೆ ಅದು ಮೊದಲು ಈ ಒಂದರಲ್ಲಿ ಕಾಣಿಸಿಕೊಳ್ಳಬೇಕು, ಉಳಿದವು ಉಳಿಯಬೇಕು ಎಂಬುದು ಲೆಕ್ಕ. ಮೊಟ್ಟೆ ನಿಲ್ಲಿಸುತ್ತ ಬಂದಿದ್ದ ಮುದಿ ಹೇಂಟೆಯನ್ನೇ ಅಜ್ಜಿ ಆರಿಸಿಕೊಟ್ಟರು. ಎರಡು ವಾರದಲ್ಲಿ ಅದಕ್ಕೆ ಏನೂ ಆಗಲಿಲ್ಲ. ನಾಲ್ಕು ಹರೆಯದವುಗಳ ನಡುವೆ ಯಜಮಾನಿಕೆ ಮಾಡಿಕೊಂಡು ಮೈ ತುಂಬಿಕೊಂಡಿತು, ಅಷ್ಟೆ.

ಆಮೇಲಿನದು ಬೇಗ ಮುಗಿಯಿತು. ಆರು ದಿನ ಹಿತ್ತಿಲಲ್ಲೇ ಜಾಲರಿಯ ಆಚೆ ಈಚೆ ಇಟ್ಟು ಮುಖ ನೋಡಲು ಬಿಟ್ಟರು. ನುಚ್ಚು ಹಾಕುವ ಜಾಗವನ್ನು ಒಂದರ ಬದಲು ಮೂರು ಮಾಡಿದರು. ಗೂಡಿನ ಗೋಡೆಯಿಂದ ನಾಲ್ಕು ಇಟ್ಟಿಗೆ ತೆಗೆದು ಜಾಲರಿ ಕೂರಿಸಿದರು. ಐವತ್ತನೆಯ ದಿನ ರಾತ್ರಿ ಎಂಟಕ್ಕೆ ಅಜ್ಜಿ ನಾಲ್ಕನ್ನೂ ಕತ್ತಲಲ್ಲಿ ಒಳಗೆ ಬಿಟ್ಟರು. ಅವರ ಹಳೆಯ ಪದ್ಧತಿಗೆ ಈ ಸಲ ಯಾವ ಆಕ್ಷೇಪಣೆಯೂ ಇರಲಿಲ್ಲ.

ಕೊರತೆಗಳು ಉಳಿದಿವೆ. ಹಗಲು ಹೊತ್ತಿನಲ್ಲಿ ಹತ್ತು ಮನೆಯ ಕೋಳಿಗಳೂ ಒಂದೇ ದಾರಿಬದಿಯಲ್ಲಿ ಕೆದಕುತ್ತವೆ. ಬೇಲಿಯಿಲ್ಲದ ಊರಿನಲ್ಲಿ ಒಂದು ಮನೆ ಎಚ್ಚರ ವಹಿಸಿದರೆ ಅರ್ಧ ಕೆಲಸವೇ ಆದೀತು. ಆರು ತಿಂಗಳಿಗೊಮ್ಮೆ ಮುಂಜಾನೆಯ ಲಸಿಕೆ ಈವರೆಗೆ ಎರಡು ಸಲ ನಡೆದಿದೆ, ಎರಡನೆಯ ಸಲ ಎರಡು ಮನೆಯವರು ಬರಲಿಲ್ಲ. ಇನ್ನೊಂದು ತೊಡಕು ಉಡುಗೊರೆಯದು. ಕೊಂಡ ಕೋಳಿಯ ಬಗ್ಗೆ ವಿಚಾರಿಸಬಹು​ದು. ಬೀಗರು ಪ್ರೀತಿಯಿಂದ ಹಿಡಿದು ತಂದ ಕೋಳಿಯ ಲಸಿಕೆಯ ತಾರೀಖನ್ನು ಯಾರೂ ಕೇಳುವುದಿಲ್ಲ.

ಈಚೆಗೆ ಆ ಕಡೆ ಹೋಗಿದ್ದಾಗ ಪಂಪ್‌ಸೆಟ್ ಮನೆಯೊಳಗೆ ಹುಂಜ ಕೂಗಿದ್ದು ಕೇಳಿಸಿತು. ಸೊಸೆಯ ತವರಿನಿಂದ ಹಬ್ಬಕ್ಕೆಂದು ಬಂದದ್ದಂತೆ, ಒಳ್ಳೆಯ ಮೈಕಟ್ಟಿನದು. ಬಾಗಿಲಲ್ಲಿ ಅದೇ ಹವಾಯಿ ಚಪ್ಪಲಿಗಳಿದ್ದವು. ಒಳಗೋಡೆಯ ಸುಣ್ಣದ ಮೇಲೆ ಅಜ್ಜಿ ಇದ್ದಿಲಿನಿಂದ ದಿನಕ್ಕೊಂದರಂತೆ ಎಳೆದ ಗೆರೆಗಳನ್ನು ಎಣಿಸಿದೆ, ಹನ್ನೊಂದು ಇದ್ದವು.